ಉಪ್ಪಿನ ಮೇಲೆ ಬಳಿದ ಕಪ್ಪು

ಮಲ್ಪೆ
18 ನವೆಂಬರ್ 2024

ಪ್ರೀತಿಯ ಕಾವ್ಯಾ,

ಹಿರಿಯೂರಿನ ಬಸ್ ನಿಲ್ದಾಣದ ಹಿಂದೆ ನಿನಗೆ ಮಳಿಗೆ ಸಿಕ್ಕಿತು ಎಂದು ಅವ್ವ ಫೋನಿನಲ್ಲಿ ಹೇಳಿದಾಗ ನಾನು ಒಬ್ಬರ ತಾರಸಿಯ ಅಂಚಿನಲ್ಲಿ ಕುಳಿತು ಎ.ಸಿ. ಬಿಚ್ಚುತ್ತಿದ್ದೆ. ಸಂತೋಷಕ್ಕೆ ಕೈಯಲ್ಲಿದ್ದ ಸ್ಕ್ರೂ ಜಾರಿ ಕೆಳಗೆ ನಿಂತಿದ್ದ ಮೀನಿನಾಕೆಯ ಬುಟ್ಟಿಗೆ ಬಿತ್ತು. ಅವಳು ಬೈದದ್ದು ಇನ್ನೂ ಕಿವಿಯಲ್ಲಿದೆ. ಕುರಿ ಕಾಯುವ ಕಾಟಲಿಂಗಪ್ಪನ ಮಗಳಿಗೆ ಸ್ವಂತ ಎ.ಸಿ. ಅಂಗಡಿ! ನಿನ್ನ ಅತ್ತಿಗೆ ಲತಾ ಆ ದಿನ ಪಾಯಸ ಮಾಡಿದಳು. ನಿನ್ನ ಪಾಲನ್ನೂ ನಾನೇ ಕುಡಿದೆ.

ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಎಂದು ಮರೆಯುತ್ತೀಯ. ಐ.ಟಿ.ಐ.ನಲ್ಲಿ ಓದುವಾಗಲೂ ಬರೆದು ಕೊಟ್ಟರೇ ನಿನ್ನ ತಲೆಗೆ ಹತ್ತುತ್ತಿದ್ದದ್ದು. ಅದಕ್ಕೇ ಈ ಕಾಗದ. ಲಾರಿಯ ಮುರುಗಪ್ಪ ಹಿರಿಯೂರಿನಿಂದ ಈರುಳ್ಳಿ ತಂದು ಇಲ್ಲಿ ಇಳಿಸುತ್ತಾನೆ, ವಾಪಸು ಹೋಗುವಾಗ ಲಾರಿ ಖಾಲಿ. ಇನ್ನು ಮೇಲೆ ನಿನ್ನ ಎ.ಸಿ.ಗಳು ಅದರಲ್ಲಿ ಬರುತ್ತವೆ, ಜೊತೆಗೆ ನನ್ನ ಕಾಗದವೂ.

ಇಲ್ಲಿ ಸಮುದ್ರದ ಎದುರಿನ ಮನೆಗಳಲ್ಲಿ ಎ.ಸಿ. ಹೆಚ್ಚು ವರ್ಷ ಬಾಳುವುದಿಲ್ಲ. ಗಾಳಿಯ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಬೆಳಿಗ್ಗೆ ಒರೆಸಿದ ಕಿಟಕಿಯ ಗಾಜಿಗೆ ಸಂಜೆ ನಾಲಗೆ ತಾಗಿಸಿದರೆ ಗೊತ್ತಾಗುತ್ತದೆ. ಅದು ಹೊರಗಿನ ಯೂನಿಟ್ಟಿನೊಳಗೆ ಹೊಕ್ಕು ಮೊದಲು ಸ್ಕ್ರೂ ತಿನ್ನುತ್ತದೆ, ಆಮೇಲೆ ಸ್ಟ್ಯಾಂಡು, ಕೊನೆಗೆ ಕಾಯಿಲ್. ತಾಮ್ರದ ಕೊಳವೆಗೆ ಹೊಂದಿಸಿದ ತೆಳು ಅಲ್ಯುಮಿನಿಯಂ ಪಟ್ಟಿಗಳು ಬಿಳಿ ಹುಡಿಯಾಗಿ ಉದುರುತ್ತವೆ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಸಾಕು, ಗ್ಯಾಸ್ ಹೋಯಿತು, ತಂಪೂ ಹೋಯಿತು. ನಾನು ನೋಡಿಕೊಳ್ಳುವ ಮನೆಗಳಲ್ಲಿ ಆಗಾಗ ಸಿಹಿನೀರಿನಿಂದ ಕಾಯಿಲ್ ತೊಳೆಸುತ್ತೇನೆ, ಯೂನಿಟ್ಟನ್ನು ಗಾಳಿಗೆ ಬೆನ್ನು ಮಾಡಿ ಕೂರಿಸುತ್ತೇನೆ, ಹೊಸದಿರುವಾಗಲೇ ಕಾಯಿಲ್‌ಗೆ ಉಪ್ಪು ತಡೆಯುವ ಕಪ್ಪು ಲೇಪ ಕೊಡುತ್ತೇನೆ. ನೆನಪಿಡು, ಲೇಪ ಕೊಡುವುದು ಶುದ್ಧವಾದ ಲೋಹಕ್ಕೆ. ಒಮ್ಮೆ ಬಿಳಿ ಹುಡಿ ಎದ್ದ ಮೇಲೆ ಅದರ ಮೇಲೆ ಬಣ್ಣ ಬಳಿಯುವವನು ಮೆಕ್ಯಾನಿಕ್ ಅಲ್ಲ, ಮೋಸಗಾರ. ಒಳಗೆ ಉಳಿದ ಉಪ್ಪು ಮುಚ್ಚಿಟ್ಟಷ್ಟೂ ತಿನ್ನುತ್ತದೆ.

ಮನೆ ಬದಲಿಸುವವರು, ಹೊಸದು ಹಾಕಿಸುವವರು ಒಳ್ಳೆಯ ಸ್ಥಿತಿಯ ಎ.ಸಿ.ಗಳನ್ನೂ ಇಳಿಸಿಬಿಡುತ್ತಾರೆ. ಅಂಥವನ್ನು ಆರಿಸಿ, ತೊಳೆದು, ಸರಿಮಾಡಿ ಕಳಿಸುತ್ತೇನೆ. ನಮ್ಮ ಸೀಮೆಯ ಒಣ ಗಾಳಿಯಲ್ಲಿ ಅವು ಇನ್ನೂ ಬಹಳ ಕಾಲ ಓಡುತ್ತವೆ. ಬೇಸಿಗೆಗೆ ಮುಂಚೆ ಅಂಗಡಿ ತೆರೆ.

ನಿನ್ನ ಅಣ್ಣ,
ಯೋಗೇಶ್


ಹಿರಿಯೂರು
12 ಜನವರಿ 2025

ಪ್ರೀತಿಯ ಅಣ್ಣನಿಗೆ,

ಮೊದಲ ಲೋಡು ಒಂದೂ ನಜ್ಜಾಗದೆ ಬಂದು ಇಳಿಯಿತು. ಬಂದವು ಬಂದ ಹಾಗೆ ಹೋದವು. ಹೊಸದುರ್ಗದ ಮೂಡಲಗಿರಿಯಪ್ಪ ಮೇಷ್ಟ್ರು ಒಂದು ಹಾಕಿಸಿಕೊಂಡರು. ಬಿ.ದುರ್ಗದ ಗೊಲ್ಲಪ್ಪ ತಮ್ಮ ಔಷಧಿ ಅಂಗಡಿಗೆ ಒಂದು ತೆಗೆದುಕೊಂಡರು. ಮೇಷ್ಟ್ರು ನನ್ನನ್ನು ನೋಡಿ, "ಏನಮ್ಮ, ನೀನೇ ಏಣಿ ಹತ್ತೀಯಾ?" ಅಂದರು. "ಹತ್ತೀನಿ ಸಾರ್, ನೀವು ಕೆಳಗೆ ಏಣಿ ಹಿಡ್ಕಳ್ರಿ ಸಾಕು" ಅಂದೆ. ಪಾಪ, ಕೆಲಸ ಮುಗಿಯುವವರೆಗೂ ಎರಡೂ ಕೈಯಲ್ಲಿ ಹಿಡಿದೇ ನಿಂತಿದ್ದರು.

ಈಗ ಮುಖ್ಯವಾದ ಮಾತು. ನನ್ನ ಗೆಳತಿ ಸ್ವಾತಿಗೆ ಒಂದು ಎ.ಸಿ. ಬೇಕು.

ಹೈವೇಯಲ್ಲಿ ಬೈಕಿನಿಂದ ಬಿದ್ದು ಅವಳ ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾದ ಮೇಲೆ ನೀನು ಒಮ್ಮೆ ಬಂದು ನೋಡಿದ್ದೆ. ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಅವಳಿಗೆ ಎದೆಯಿಂದ ಕೆಳಗೆ ಬೆವರು ಬರುವುದಿಲ್ಲ. ನಮಗೆ ಸೆಕೆಯಾದರೆ ಮೈ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ, ಅವಳ ಮೈ ಮಾಡಿಕೊಳ್ಳುವುದಿಲ್ಲ. ಕೋಣೆ ಕಾದರೆ ಅವಳೂ ಕಾಯುತ್ತಾಳೆ. ಹೋದ ಬೇಸಿಗೆ ಪೂರ್ತಿ ಒದ್ದೆ ಬಟ್ಟೆ ಹೊದಿಸಿ ಕಳೆದರು. ಈ ಸಲ ಹಾಗಾಗದು ಎಂದು ಡಾಕ್ಟರು ಹೇಳಿದ್ದಾರೆ.

ತೆಂಗಿನಕಾಯಿ ಮಂಡಿಯಿಂದ ಬರುವಾಗ ಅವಳ ಅಪ್ಪ ಪಾಪಣ್ಣ ಮಾಮ ನಮ್ಮ ಅಂಗಡಿಗೆ ಬಂದಿದ್ದರು. "ಹೊಸದೇ ತರಿಸಾಣ ಅಂತಿದ್ದೆ ಕಣಮ್ಮ" ಅಂದರು. "ಬ್ಯಾಡ ಮಾಮ, ನಮ್ಮಣ್ಣ ಖುದ್ದಾಗಿ ನೋಡಿ ಕಳಿಸ್ತಾನೆ, ಹೊಸದಕ್ಕಿಂತ ಗಟ್ಟಿ ಇರ್ತೈತೆ" ಅಂದೆ ನಾನು. "ನೀನು ಹೇಳಿದ ಮ್ಯಾಲೆ ಆತು ಬಿಡು" ಅಂದರು.

ಇದೊಂದನ್ನು ನೀನೇ ಬಿಚ್ಚಿ, ನೀನೇ ನೋಡಿ ಆರಿಸಬೇಕು ಅಣ್ಣ. ಅವಳು ಅಂದು ಹಟ್ಟಿಗೆ ಬಂದು ಅಪ್ಪನ ಎದುರು ನಿಂತು, "ಇವಳನ್ನ ಐ.ಟಿ.ಐ.ಗೆ ಕಳಿಸಲ್ಲ ಅಂದ್ರೆ ನಾನೂ ಇಲ್ಲೇ ಕುರಿ ಕಾಯ್ತಾ ಕುಂತ್ಕಂತೀನಿ" ಎಂದು ಹಟ ಹಿಡಿಯದಿದ್ದರೆ ನಾನು ಇವತ್ತು ಈ ಅಂಗಡಿಯಲ್ಲಿ ಕೂರುತ್ತಿರಲಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಕಾವ್ಯಶ್ರೀ


ಮಲ್ಪೆ
16 ಫೆಬ್ರವರಿ 2025

ಪ್ರೀತಿಯ ಕಾವ್ಯಾ,

ಆತುರದಲ್ಲಿ ಬರೆಯುತ್ತಿದ್ದೇನೆ. ಮುರುಗಪ್ಪ ಬಾಗಿಲಲ್ಲಿ ಲಾರಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ. ಇಲ್ಲಿ ಸೀಸನ್ ಶುರುವಾಗಿದೆ. ಗೆಸ್ಟ್ ಹೌಸಿನವರು ಹಗಲೂ ರಾತ್ರಿ ಬೆನ್ನು ಹತ್ತಿದ್ದಾರೆ, ಊಟಕ್ಕೂ ಬಿಡುವಿಲ್ಲ.

ಸ್ವಾತಿಯದ್ದಕ್ಕೆ ನೀಲಿ ದಾರ ಕಟ್ಟಿದ್ದೇನೆ. ನಾನೇ ನೋಡಿದ್ದೇನೆ, ಯೋಚನೆ ಬೇಡ. ಈ ಲೋಡಿನ ಎಲ್ಲ ಕಾಯಿಲ್‌ಗಳಿಗೂ ಕಪ್ಪು ಲೇಪ ಕೊಟ್ಟಿದೆ. ಉಜ್ಜಲು ಹೋಗಬೇಡ, ಹೊರಗಿನ ಡಬ್ಬ ಬಿಚ್ಚಲೂ ಬೇಡ, ಲೇಪ ಕಿತ್ತು ಬರುತ್ತದೆ. ಇದ್ದ ಹಾಗೆಯೇ ಕೂರಿಸಿ ಗ್ಯಾಸ್ ನೋಡಿ ಚಾಲೂ ಮಾಡು.

ಪಾಪಣ್ಣ ಮಾಮನಿಗೆ ನಮಸ್ಕಾರ ಹೇಳು.

ಯೋಗೇಶ್


ಹಿರಿಯೂರು
14 ಮಾರ್ಚ್ 2025

ಪ್ರೀತಿಯ ಅಣ್ಣನಿಗೆ,

ನೀನು ಸ್ವಾತಿಯ ಕೋಣೆಯನ್ನು ಈಗ ನೋಡಬೇಕಿತ್ತು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವ ಬಿಸಿಲು, ಒಳಗೆ ಅವಳು ಹೊದ್ದು ಮಲಗಿರುತ್ತಾಳೆ. ಪಾಪಣ್ಣ ಮಾಮ ಮಂಡಿಯಿಂದ ಬಂದವರೇ ಅಲ್ಲಿ ಹೋಗಿ ಕೂರುತ್ತಾರೆ. "ಮಗಳನ್ನ ನೋಡಕ್ಕೆ ಬರೋದಲ್ಲ ಇದು, ತಣ್ಣಗೆ ಕುಂತ್ಕಳಕ್ಕೆ ಬರೋದು" ಎಂದು ಅವಳು ಛೇಡಿಸುತ್ತಾಳೆ.

ಇನ್ನೊಂದು ಸಂತೋಷದ ಸುದ್ದಿ. ಎರಡು ವರ್ಷ ದಿನವೂ ವ್ಯಾಯಾಮ ಮಾಡಿ ಮಾಡಿ ಅವಳ ಬಲಗೈಯ ಬೆರಳುಗಳಿಗೆ ಹಿಡಿತ ಬಂದಿದೆ. ಪೆನ್ನು ಹಿಡಿಯುತ್ತಾಳೆ! ಈ ಕಾಗದವನ್ನು ಅವಳ ಮಂಚದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಕೊನೆಯಲ್ಲಿ ಅವಳೂ ಒಂದು ಸಾಲು ಬರೆಯುತ್ತಾಳಂತೆ.

ಒಂದು ಸಣ್ಣ ಅನುಮಾನ. ಮೂಡಲಗಿರಿಯಪ್ಪ ಮೇಷ್ಟ್ರು ಈ ಲೋಡಿನಿಂದ ತಮ್ಮ ಮಗಳ ಮನೆಗೂ ಒಂದು ಹಾಕಿಸಿದ್ದರು. ಅದರಲ್ಲಿ ಇಷ್ಟು ಬೇಗ ಗ್ಯಾಸ್ ಕಡಿಮೆಯಾಗಿದೆ. ನಾನು ಜೋಡಿಸಿದ ಕಡೆಯೆಲ್ಲ ಸೋಪಿನ ನೊರೆ ಹಚ್ಚಿ ನೋಡಿದೆ, ಎಲ್ಲೂ ಗುಳ್ಳೆ ಏಳಲಿಲ್ಲ. ಕಾಯಿಲ್ ಬಿಚ್ಚಿ ನೋಡಲೇ? ಬೇಡವೆಂದು ನೀನು ಹೇಳಿದ್ದರಿಂದ ಕೇಳುತ್ತಿದ್ದೇನೆ.

ಕಾವ್ಯ

ಯೋಗೇಶಣ್ಣ, ತಣ್ಣಗಿದ್ದೀನಿ. ಅಕ್ಷರ ನೋಡಿ ನಗಬ್ಯಾಡ. ಸ್ವಾತಿ


ಮಲ್ಪೆ
25 ಮಾರ್ಚ್ 2025

ಕಾವ್ಯಾ,

ಬಿಚ್ಚಬೇಡ. ಲಾರಿಯ ಕುಲುಕಾಟಕ್ಕೆ ಒಂದೊಂದರಲ್ಲಿ ಹಾಗಾಗುತ್ತದೆ. ಗ್ಯಾಸ್ ತುಂಬಿಸಿಬಿಡು. ನಿಮ್ಮ ಕಡೆಯ ವೋಲ್ಟೇಜ್ ಕೂಡ ಸರಿಯಿಲ್ಲ.

ಸ್ವಾತಿಯ ಅಕ್ಷರ ನೋಡಿದೆ. ಲತಾಗೂ ತೋರಿಸಿದೆ.

ಕೆಲಸ ಬಹಳ. ಆಮೇಲೆ ಬರೆಯುತ್ತೇನೆ.

ಯೋಗೇಶ್


ಚಿತ್ರದುರ್ಗ
27 ಏಪ್ರಿಲ್ 2025

ಅಣ್ಣನಿಗೆ,

ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಅತ್ತಿಗೆ ಎತ್ತಿ, ನೀನು ಸೈಟಿನಲ್ಲಿದ್ದೀಯ ಅಂದರು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಗುರುವಾರ ನಾನು ಕೆಲಸಕ್ಕೆಂದು ಹೊಸದುರ್ಗಕ್ಕೆ ಹೋಗಿದ್ದೆ. ಪಾಪಣ್ಣ ಮಾಮ ಮಂಡಿಯಲ್ಲಿದ್ದರು. ಸ್ವಾತಿಯ ತಾಯಿ ಮಧ್ಯಾಹ್ನದ ಊಟ ಮಾಡಿಸಿ, ತಂಪು ಹೊರಗೆ ಹೋಗಬಾರದೆಂದು ಕಿಟಕಿ ಬಾಗಿಲು ಹಾಕಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಎ.ಸಿ. ಎಂದಿನಂತೆ ಗುಂಯ್ಗುಡುತ್ತಿತ್ತು. ಅದರ ಫ್ಯಾನು ತಿರುಗುತ್ತಿತ್ತು, ಆದರೆ ಒಳಗೆ ಗ್ಯಾಸ್ ಇರಲಿಲ್ಲ. ತಗಡಿನ ಮಾಡಿನ ಆ ಕೋಣೆ ಮುಚ್ಚಿದ ಬಾಗಿಲ ಹಿಂದೆ ಒಲೆಯ ಹಾಗೆ ಕಾದಿದೆ. ಸ್ವಾತಿ ಅಮ್ಮನನ್ನು ಕರೆದಿದ್ದಾಳೆ. ನೀರಿನ ಸದ್ದಿನಲ್ಲಿ ಹಿತ್ತಲಿಗೆ ಕೇಳಿಲ್ಲ. ಅವರು ಬಟ್ಟೆ ಹರವಿ ಒಳಗೆ ಬಂದಾಗ ಅವಳ ಮುಖ ಕೆಂಡ, ಮೈ ಒಣಗಿದ ಮಣ್ಣಿನ ಹಾಗೆ. ಮಗಳ ಬಾಯಲ್ಲಿ ಅರ್ಥವಿಲ್ಲದ ಮಾತು.

ನಾನು ಬರುವಷ್ಟರಲ್ಲಿ ಆಂಬುಲೆನ್ಸ್ ಹೊರಟಿತ್ತು. ಹಿಂದೆಯೇ ಬಸ್ ಹತ್ತಿ ಇಲ್ಲಿಗೆ ಬಂದೆ. ಎರಡು ದಿನ ಅವಳಿಗೆ ಪ್ರಜ್ಞೆ ಇರಲಿಲ್ಲ. ನಿನ್ನೆ ಕಣ್ಣು ಬಿಟ್ಟಳು, ನನ್ನನ್ನು ಗುರುತಿಸಿದಳು. ಜೀವಕ್ಕೆ ಅಪಾಯವಿಲ್ಲ ಅಂತಾರೆ. ಬಲಗೈ ಮಾತ್ರ ಹಾಸಿಗೆಯ ಮೇಲೆ ಹಾಗೇ ಬಿದ್ದಿದೆ. ನಾನು ನನ್ನ ಬೆರಳನ್ನು ಅವಳ ಅಂಗೈಯಲ್ಲಿಟ್ಟು, "ಹಿಡಿಯೇ" ಅಂದೆ. ಅವಳು ಹಿಡಿದೆ ಅಂದುಕೊಂಡು ನನ್ನ ಮುಖ ನೋಡಿದಳು. ಹಿಡಿದಿರಲಿಲ್ಲ ಅಣ್ಣ.

ಮೊನ್ನೆ ಒಂದು ಹೊತ್ತು ಹಿರಿಯೂರಿಗೆ ಹೋಗಿ ಹೊರಗಿನ ಡಬ್ಬ ಬಿಚ್ಚಿದೆ. ನೀನು ಬೇಡವೆಂದಿದ್ದೆ, ಬಿಚ್ಚಿದೆ. ಕಪ್ಪು ಲೇಪಕ್ಕೆ ಉಗುರು ತಾಗಿಸಿದ್ದಷ್ಟೇ, ಅಲ್ಯುಮಿನಿಯಂ ಪಟ್ಟಿಗಳು ಸುಟ್ಟ ಹಪ್ಪಳದ ಹಾಗೆ ಮುರಿದು ಬಂದವು. ಒಳಗೆಲ್ಲ ಬಿಳಿ ಹುಡಿ. ಕೊಳವೆಯ ಬಾಗುಗಳಲ್ಲಿ ಹಸಿರು ಕಿಲುಬು, ಅದರ ಮೇಲೂ ಬಣ್ಣ. ಸಮುದ್ರದ ಮುಖಕ್ಕೇ ಇದ್ದ ಯೂನಿಟ್ಟು ಅದು ಎಂದು ಹೇಳಲು ಯಾರೂ ಬೇಕಿರಲಿಲ್ಲ.

ಲಾರಿಯಲ್ಲಿ ಅದಲುಬದಲಾಯಿತೇ? ಬೇರೆಯದಕ್ಕೆ ಕಟ್ಟಬೇಕಿದ್ದ ನೀಲಿ ದಾರವೇ? ಏನಾಯಿತೆಂದು ನೀನೇ ಹೇಳು. ಕಾಯುತ್ತಿದ್ದೇನೆ.

ಕಾವ್ಯ


ಮಲ್ಪೆ
5 ಮೇ 2025

ಪ್ರೀತಿಯ ಕಾವ್ಯಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಸ್ವಾತಿ ಹುಷಾರಾಗುತ್ತಿದ್ದಾಳೆ ಎಂಬುದೇ ಸಮಾಧಾನ.

ಏನಾಗಿದೆ ಎಂದರೆ, ನನ್ನ ಹತ್ತಿರ ಈಗ ಕೆಲಸದವರು ಇದ್ದಾರೆ. ಲೇಪ ಕೊಡುವ ಕೆಲಸ ಅವರದು. ನಾನು ಆರಿಸಿಟ್ಟ ಮೇಲೆ ಅವರು ಯಾವುದನ್ನು ಎಲ್ಲಿ ಇಟ್ಟರೋ ಏನೋ. ಅವರನ್ನು ಬೈದಿದ್ದೇನೆ. ಆದರೂ ಕಾಯಿಲ್ ಒಂದರಿಂದಲೇ ಹೀಗಾಯಿತು ಎಂದು ಹೇಳಲಾಗದು. ಏಪ್ರಿಲ್‌ನಲ್ಲಿ ಹಿರಿಯೂರಿನ ವೋಲ್ಟೇಜ್ ಹೇಗಿರುತ್ತದೆ ಎಂದು ನಿನಗೇ ಗೊತ್ತು. ಕಂಪ್ರೆಸರ್ ಮೇಲೆ ಒತ್ತಡ ಬಿದ್ದರೆ ಹೊಸದರಲ್ಲೂ ಗ್ಯಾಸ್ ಹೋಗಬಹುದು.

ನಿನ್ನ ಅಂಗಡಿ ಈಗತಾನೇ ಕಣ್ಣು ಬಿಡುತ್ತಿದೆ. ಬಾಯಿಂದ ಬಾಯಿಗೆ ಮಾತು ಹಬ್ಬಿದರೆ ನಿನ್ನ ಹೆಸರು ಹಾಳಾಗುತ್ತದೆ, ನನಗಿಂತ ಹೆಚ್ಚಾಗಿ ನಿನ್ನದು. ಅದಕ್ಕೇ ಹೇಳುತ್ತೇನೆ, ಪಾಪಣ್ಣ ಮಾಮನಿಗೆ ವೋಲ್ಟೇಜ್‌ನಿಂದ ಆಯಿತು ಎಂದು ಹೇಳು. ಅವರಿಗೆ ಅದಕ್ಕಿಂತ ಹೆಚ್ಚು ತಿಳಿದು ಆಗಬೇಕಾದ್ದೂ ಇಲ್ಲ. ನಾನು ಹೊಚ್ಚ ಹೊಸದೊಂದನ್ನು ಕಳಿಸುತ್ತೇನೆ.

ಅಪ್ಪನಿಗೆ ಈ ವಿಷಯ ಹೇಳಬೇಡ.

ನಿನ್ನ ಅಣ್ಣ,
ಯೋಗೇಶ್


ಹಿರಿಯೂರು
13 ಮೇ 2025

ಯೋಗೇಶಣ್ಣನಿಗೆ,

ಕೆಲಸದವರ ಹೆಸರು ಹೇಳಬೇಡ. ಆ ಬಣ್ಣ ಬಳಿದದ್ದು ಎಡಗೈ. ಬ್ರಷ್ಷಿನ ಗೆರೆಗಳೆಲ್ಲ ಎಡಕ್ಕೆ ವಾಲಿವೆ. ಹಟ್ಟಿಯ ಮನೆಯ ಗೋಡೆಗೆ ನೀನು ಸುಣ್ಣ ಹೊಡೆದ ಗೆರೆಗಳನ್ನು ನೋಡುತ್ತಲೇ ನಾನು ಬೆಳೆದವಳು. ಡಬ್ಬ ಬಿಚ್ಚಿದ ದಿನವೇ ನನಗೆ ತಿಳಿದಿತ್ತು. ನೀನಾಗಿಯೇ ಹೇಳುತ್ತೀಯೇನೋ ಎಂದು ಕೇಳಿ ಬರೆದೆ. ನೀನು ವೋಲ್ಟೇಜ್ ಅಂದೆ.

ಪಾಪಣ್ಣ ಮಾಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಿತ್ತು ತಂದ ಕಾಯಿಲ್ ಅವರ ಮುಂದಿಟ್ಟು, ಇದು ಉಪ್ಪು ತಿಂದದ್ದು ಮಾಮ, ನಮ್ಮಣ್ಣ ಗೊತ್ತಿದ್ದೇ ಬಣ್ಣ ಬಳಿದು ಕಳಿಸಿದ, ನಾನು ನೋಡದೆ ಹಾಕಿದೆ ಅಂದೆ. ಅವರು ಕೂಗಾಡುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಕಾಯಿಲ್ ಮುಟ್ಟಲೂ ಇಲ್ಲ. "ನಿನ್ನ ಮಾತಿನ ಮ್ಯಾಲೆ ಹಾಕ್ಸಿದ್ದು ಕಣಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರು.

ನೀನು ಕಳಿಸಿದ ಎರಡನೆಯ ಲೋಡು ಎಲ್ಲೆಲ್ಲಿ ಕೂರಿಸಿದ್ದೆನೋ ಅಲ್ಲೆಲ್ಲ ಹೋಗಿ ಬಿಚ್ಚಿದೆ. ಎಲ್ಲವೂ ಒಂದೇ ಜಾತಿ. ಮೊದಲ ಲೋಡಿನವು ಚೆನ್ನಾಗಿವೆ. ಅದನ್ನು ನೆನೆದರೆ ಇನ್ನೂ ಉರಿಯುತ್ತದೆ. ಆ ಮೊದಲನೆಯವು ನನ್ನ ನಂಬಿಕೆ ಗಳಿಸಿದವು, ಅದರ ಮೇಲೆ ನೀನು ಇವನ್ನು ಸಾಗಿಸಿದೆ. ಬಿ.ದುರ್ಗದ ಗೊಲ್ಲಪ್ಪ ಎರಡನೆಯ ಲೋಡಿನದನ್ನು ಮನೆಗೆ ಹಾಕಿಸಿದ್ದರು. ಅಂಗಡಿ ತುಂಬ ಜನ ಇರುವಾಗಲೇ, "ಅಣ್ಣ ತಂಗಿ ಸೇರ್ಕಂಡು ಊರಿಗೇ ಟೋಪಿ ಹಾಕಿದ್ರಿ" ಅಂದರು. ಮೂಡಲಗಿರಿಯಪ್ಪ ಮೇಷ್ಟ್ರು ಇನ್ನೊಂದು ಥರ. "ನೀನು ಗ್ಯಾಸ್ ತುಂಬ್ಸಿ ಸುಮ್ಕಿದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ, ಯಾಕಮ್ಮ ಹೇಳಕ್ಕೆ ಬಂದೆ?" ಎಂದು ಕೇಳಿದರು. ಅವರೇ ಚಹಾ ತರಿಸಿದರು.

ಅಪ್ಪನಿಗೂ ನಿನ್ನ ಕಾಗದ ಓದಿ ಹೇಳಿದೆ. "ಒಬ್ನೇ ಮಗ, ಏನೋ ತಪ್ಪಾಗೈತೆ, ಬಿಡೇ" ಎಂದು ಅವ್ವ ನಡುವೆ ಬಂದಳು. ಅಪ್ಪ ಅವಳನ್ನು ಸುಮ್ಮನಿರಿಸಿ, "ವೋಲ್ಟೇಜ್ ಅಂದ್ರೇನು?" ಎಂದು ನನ್ನನ್ನು ಕೇಳಿದರು. ಕರೆಂಟು ಏರಿಳಿಯುವುದು ಅಂದೆ. "ಅದರಿಂದ ಆತಾ?" ಇಲ್ಲ ಅಂದೆ. ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟು ನೇರ ಪಾಪಣ್ಣ ಮಾಮನ ಮನೆಗೆ ಹೋದರಂತೆ. ಜಗಲಿಯ ಕೆಳಗೆ ನೆಲದ ಮೇಲೆ ಕೂತರಂತೆ. ಮಾಮ ಹೊರಗೆ ಬಂದು, "ಮ್ಯಾಲೆ ಕುಂತ್ಕಳ್ರಿ" ಅಂದರೂ ಏಳಲಿಲ್ಲವಂತೆ. ಸ್ವಾತಿಯ ತಾಯಿ ಹೇಳಿದರು. ಸಂಜೆಯವರೆಗೆ ಕೂತಿದ್ದು ಎದ್ದು ಬಂದರು.

ನಿನ್ನನ್ನು ಒಂದೇ ಒಂದು ಮಾತು ಕೇಳುತ್ತೇನೆ. ಇದು ಯಾರಿಗೆ ಎಂದು ನಾನು ಬರೆದಿದ್ದೆ. ಅವಳ ಮೈ ಬೆವರುವುದಿಲ್ಲ ಎಂದೂ ಬರೆದಿದ್ದೆ. ಆ ಬಿಳಿ ಹುಡಿಯ ಮೇಲೆ ಬ್ರಷ್ ಎಳೆಯುವಾಗ ನಿನಗೆ ಸ್ವಾತಿ ನೆನಪಿದ್ದಳೇ?

ಹೊಸ ಎ.ಸಿ. ಬೇಡ. ಇದಕ್ಕೆ ಉತ್ತರ ಕಳಿಸು.

ಕಾವ್ಯಶ್ರೀ


ಹಿರಿಯೂರು
8 ಜೂನ್ 2025

ಯೋಗೇಶಣ್ಣನಿಗೆ,

ಉತ್ತರದ ಬದಲು ನೀನೇ ಬಂದೆ. ಮುರುಗಪ್ಪನ ಲಾರಿಯಿಂದ ಹೊಸ ಡಬ್ಬ ಇಳಿಸಿಕೊಂಡು ಪಾಪಣ್ಣ ಮಾಮನ ಬಾಗಿಲಲ್ಲಿ ನಿಂತಾಗ ನಿನ್ನ ಕೂದಲು ಇಷ್ಟು ನೆರೆತದ್ದು ಯಾವಾಗ ಎಂದು ನನಗೆ ಅನ್ನಿಸಿದ್ದು ನಿಜ. ನಿನ್ನ ಕೈಯಿಂದ ಚೀಲ ಇಸಿದುಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟೆ. ಆಮೇಲೆ ಅಲ್ಲೇ ನಿಂತೆ.

ಮಾಮ ಬಾಗಿಲಿಗೆ ಅಡ್ಡ ನಿಂತು, "ಒಳಗೆ ಬರಬ್ಯಾಡಪ್ಪ, ಬಂದ ದಾರೀಲಿ ಹೋಗು" ಅಂದರು. ಆಗ ಒಳಗಿನಿಂದ ಸ್ವಾತಿ ಕೂಗಿದ್ದು ನಿನಗೂ ಕೇಳಿಸಿತಲ್ಲ. "ಅಪ್ಪ, ಸಿಟ್ಟು ನಿಮ್ದು, ಸೆಕೆ ನಂದು. ಹಾಕ್ಲಿ ಬಿಡಿ."

ನೀನು ಕೂರಿಸಿದೆ. ಅಚ್ಚುಕಟ್ಟಾಗಿಯೇ ಕೂರಿಸಿದೆ, ನನಗೆ ಕಲಿಸಿದ ಹಾಗೆಯೇ. ನಾನು ಏಣಿ ಹಿಡಿಯಲಿಲ್ಲ. ನೀನು ಕೆಲಸ ಮುಗಿಸಿ ಅವಳ ಮಂಚದ ಪಕ್ಕ ನಿಂತು, "ನಂಗೆ ಗೊತ್ತಿರ್ಲಿಲ್ಲಮ್ಮ" ಅಂದೆ. ಬಾಗಿಲ ಹತ್ತಿರ ನಾನಿದ್ದೇನೆ ಎಂದು ನಿನಗೆ ತಿಳಿದಿತ್ತು, ಆದರೂ ಅಂದೆ. ಅವಳು ನಿನ್ನನ್ನೇ ನೋಡಿ, "ತಂಪು ಬರ್ತೈತಾ ನೋಡ್ರಿ" ಅಂದಳು. ನೋಡ್ರಿ! ಚಿಕ್ಕಂದಿನಿಂದ ನಿನ್ನನ್ನು ಏಕವಚನದಲ್ಲಿ ಬೈದು ಆಡಿದವಳು ನಿನಗೆ ಮರ್ಯಾದೆ ಕೊಟ್ಟಳು. ನಿನ್ನ ಮುಖ ಆಗ ಬಾಡಿದ್ದನ್ನು ನೋಡಿದೆ. ಅಷ್ಟಾದರೂ ತಾಗಿತು.

ಹೊರಗೆ ಬಂದು, "ಹೋಗಾಣ ಬಾ ಹಟ್ಟಿಗೆ, ಅವ್ವ ಕಾಯ್ತಿರ್ತಾಳೆ" ಎಂದು ಏನೂ ಆಗದವನ ಹಾಗೆ ನನ್ನನ್ನು ಕರೆದೆ. ನಾನು ಬರಲಿಲ್ಲ. ನೀನು ಹೋದ ಮೇಲೆ ಅವ್ವ ರೊಟ್ಟಿ ಸುಟ್ಟದ್ದು, ಅಪ್ಪ ಊಟಕ್ಕೆ ಏಳದೆ ಕುರಿಗಳ ಹತ್ತಿರವೇ ಉಳಿದದ್ದು, ನೀನು ಅರ್ಧ ತಿಂದು ಎದ್ದದ್ದು ಎಲ್ಲ ಅವ್ವ ಹೇಳಿದಳು. ಮಾರನೆಯ ದಿನ ನನಗೆ ಹೇಳದೆ ಬಸ್ ಹತ್ತಿದೆ.

ಹೊಸ ಎ.ಸಿ. ಚೆನ್ನಾಗಿ ಓಡುತ್ತಿದೆ. ಸ್ವಾತಿಯ ಬೆರಳಿಗೆ ಮತ್ತೆ ಮೊದಲಿನಿಂದ ವ್ಯಾಯಾಮ ಶುರು ಮಾಡಿದ್ದಾರೆ. ಬರಬಹುದು, ಬಾರದಿರಬಹುದು ಅಂತಾರೆ.

ನಾನು ಕೇಳಿದ್ದು ಹಾಗೇ ಉಳಿದಿದೆ.

ಕಾವ್ಯಶ್ರೀ


ಮಲ್ಪೆ
29 ಜೂನ್ 2025

ಕಾವ್ಯಾ,

ನೆನಪಿದ್ದಳು.

ಅವಳಿಗೆಂದು ಒಂದು ಒಳ್ಳೆಯದನ್ನು ಆರಿಸಿ, ತೊಳೆದು, ನೀಲಿ ದಾರ ಕಟ್ಟಿ ಬೇರೆಯೇ ಇಟ್ಟಿದ್ದೆ. ಲೋಡು ಹೊರಡುವ ಹಿಂದಿನ ದಿನ ಗೆಸ್ಟ್ ಹೌಸಿನವರು ಬಂದು ಈಗಲೇ ಒಂದು ಬೇಕೇಬೇಕು, ಇಲ್ಲವಾದರೆ ಕೆಲಸವನ್ನೆಲ್ಲ ಬೇರೆಯವರಿಗೆ ಕೊಡುತ್ತೇವೆ ಅಂದರು. ಅದನ್ನೇ ಕೊಟ್ಟುಬಿಟ್ಟೆ. ಉಳಿದವು ಅವರದೇ ಸಮುದ್ರದ ಕಡೆಯ ಕೋಣೆಗಳಿಂದ ಇಳಿಸಿದ ಹಳೆಯವು. ನಿನಗೆ ಬೇಸಿಗೆಗೆ ಮುಂಚೆ ಲೋಡು ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆಗುವುದಿಲ್ಲ ಎಂದು ನಿನಗೆ ಹೇಳುವುದು ನನ್ನಿಂದ ಆಗಲಿಲ್ಲ. ದಾರ ಬಿಚ್ಚಿ ಅವುಗಳಲ್ಲೊಂದಕ್ಕೆ ಕಟ್ಟಿದೆ.

ಬಳಿಯುವಾಗ ಅವಳು ಹಟ್ಟಿಗೆ ಬಂದು ಅಪ್ಪನೊಡನೆ ಜಗಳವಾಡಿದ್ದು ನೆನಪಾಯಿತು. ಊರಿನ ಗಾಳಿ ಒಣ, ಒಂದು ಬೇಸಿಗೆ ತಡೆಯುತ್ತದೆ, ಮಳೆಗಾಲದಲ್ಲಿ ಯಾರಿಗೂ ತಿಳಿಯದ ಹಾಗೆ ಬಂದು ಬದಲಿಸುತ್ತೇನೆ ಅಂದುಕೊಂಡೆ. ಹಾಗೆ ಅಂದುಕೊಂಡು ಇನ್ನೊಂದು ಕೋಟ್ ಬಳಿದೆ.

ಲತಾ ಎಲ್ಲ ತಿಳಿದ ಮೇಲೆ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಇಲ್ಲಿ ಮಳೆ ಜೋರು.

ನಿನ್ನ ಅಂಗಡಿಗೆ ಒಳ್ಳೆಯ ಯೂನಿಟ್ಟುಗಳನ್ನು ಮತ್ತೆ ಕಳಿಸಲೇ? ಪ್ರತಿಯೊಂದನ್ನೂ ನೀನೇ ಬಿಚ್ಚಿ ನೋಡಿ ತೆಗೆದುಕೊ.

ಯೋಗೇಶ್


ಹಿರಿಯೂರು
20 ಜುಲೈ 2025

ನಿನ್ನ ಕಾಗದ ಬಂದಾಗ ನಾನು ಸ್ವಾತಿಯ ಕೋಣೆಯಲ್ಲಿದ್ದೆ. "ಏನಂತೆ?" ಅಂದಳು. ಮುಚ್ಚಿಡಬೇಕು ಅನ್ನಿಸಿತು. ಮುಚ್ಚಿಡುವುದು ಸಾಕಾಗಿದೆ ಎಂದು ಓದಿದೆ. ಮೊದಲ ಸಾಲನ್ನು ಇನ್ನೊಮ್ಮೆ ಓದು ಅಂದಳು. ಓದಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ, "ಫೋನ್ ಹತ್ರ ಇಡು, ಹೊಳಲ್ಕೆರೆಯೋರು ಆಗಿಂದ ಮಾಡ್ತಾವ್ರೆ" ಅಂದಳು. ಅಂಗಡಿಗೆ ಬರುವ ಕರೆಗಳನ್ನು ಈಗ ಸ್ಪೀಕರ್ ಹಾಕಿಕೊಂಡು ಅವಳೇ ಮಾತಾಡುತ್ತಾಳೆ. ಯಾರ ಮನೆಗೆ ಯಾವಾಗ ಹೋಗಬೇಕೆಂದು ನನಗೆ ಹೇಳುವವಳೂ ಅವಳೇ. ಗೊಲ್ಲಪ್ಪನವರ ಜೊತೆಗೂ ಅವಳೇ ಮಾತಾಡಿ ಸಮಾಧಾನ ಮಾಡಿದ್ದಾಳೆ. ಅವರ ಎ.ಸಿ.ಗೆ ಬೇರೆ ಕಾಯಿಲ್ ಹಾಕಿಕೊಟ್ಟೆ. ಉಳಿದವನ್ನೂ ಒಂದೊಂದಾಗಿ ಸರಿ ಮಾಡುತ್ತಿದ್ದೇನೆ.

ಲೋಡು ಕಳಿಸಬೇಡ. ಮುರುಗಪ್ಪನಿಗೂ ಹೇಳಿದ್ದೇನೆ.

ಅವ್ವನನ್ನು ನೋಡಲು ಬಾ. ಅವಳು ದಿನಾ ನಿನ್ನ ಹೆಸರು ತೆಗೆದು ಅಳುತ್ತಾಳೆ, ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ನೀನು ಬಂದರೆ ನಾನೇ ಬಡಿಸುತ್ತೇನೆ. ಕ್ಷಮಿಸಿದೆ ಎಂದು ತಿಳಿಯಬೇಡ. ಗೊತ್ತಿರಲಿಲ್ಲ ಎಂದು ಅವತ್ತು ಅಂದೆಯಲ್ಲ, ಆ ಸುಳ್ಳನ್ನೇ ಹಿಡಿದುಕೊಂಡಿದ್ದರೆ, ಎಂದಾದರೂ ಒಂದು ದಿನ ನಂಬಿಬಿಡುತ್ತಿದ್ದೆನೋ ಏನೋ. ನಿಜ ಕೇಳಿದವಳು ನಾನೇ. ನೀನು ಕೊಟ್ಟೆ. ಅದನ್ನು ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ.

ಈಗ ಕಂಪನಿಯಿಂದ ಸೀಲಾಗಿ ಬಂದ ಹೊಸ ಡಬ್ಬವನ್ನೂ ಗಿರಾಕಿಗಳ ಮುಂದೆಯೇ ಬಿಚ್ಚಿ, ಕಾಯಿಲ್ ಮೇಲೆ ಬೆರಳಾಡಿಸಿ ನೋಡುತ್ತೇನೆ. ಜನ ನಗುತ್ತಾರೆ. ನಗಲಿ, ಅದು ಕೆಲಸ.

ಆದರೆ ಮೊನ್ನೆ ಹಟ್ಟಿಗೆ ಹೋಗಿದ್ದೆ. ಅಪ್ಪ ಆಡಿನ ಹಾಲು ಕರೆದು, ಬಿಸಿ ಮಾಡಿ, ಲೋಟದಲ್ಲಿ ತಂದು ನನ್ನ ಕೈಗೆ ಕೊಟ್ಟರು. ಕುಡಿಯುವ ಮುಂಚೆ ನಾನು ಅದನ್ನು ಮೂಸಿ ನೋಡಿದೆ. ಬೇಕೆಂದು ಮಾಡಿದ್ದಲ್ಲ, ಮೂಗು ತಾನಾಗಿ ಲೋಟದ ಮೇಲೆ ಬಗ್ಗಿತು. ತಲೆ ಎತ್ತಿದರೆ ಅಪ್ಪ ನೋಡುತ್ತಿದ್ದರು. ನಾನು ಅವರ ಮುಖ ನೋಡಲಾಗದೆ ಒಂದೇ ಗುಟುಕಿಗೆ ಕುಡಿದೆ, ಬಾಯಿ ಸುಟ್ಟುಕೊಂಡೆ.

ಇದನ್ನು ನೀನು ಮಾಡಿದೆ, ಅಣ್ಣ.

ಕಾವ್ಯಶ್ರೀ